ಸರ್ ಆಂಬ್ರೋಸನ ಕೊನೇ ಮಾತು

ರಾತ್ರಿ ಹೊತ್ತು ಇಂಥದ್ದು ಹೇಳಬಾರದು. ಕೇಳ್ತಿದೀರಲ್ಲ, ಹೇಳ್ತೀನಿ. ನಮ್ಮ ಚಿಕ್ಕಪ್ಪನ ಮಗ ಚಲುವರಾಜುಗೇ ಆದದ್ದು, ಎಪ್ಪತ್ತೆಂಟನೇ ಇಸವೀಲಿ. ನಾಟಕ ಮುಗಿಸಿ ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಒಬ್ಬನೇ ಮನೆಗೆ ಬರ್ತಿದ್ದ. ಮುಗಿಸಿ ಅಂದೆನಾ? ಎಲ್ಲಿ ಮುಗೀತು... ಅದೇ ಅವನ ಹೊಟ್ಟೆಯುರಿ.

ಮುನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಕತೆ ಅದು. ನಮ್ಮ ಗುಮಾಸ್ತರ ನಾಟಕ ತಂಡಕ್ಕೆ ಇಂಥವೇ ಬೇಕು! ಸರ್ ಆಂಬ್ರೋಸ್ ಅಂತ ಒಬ್ಬ. ಮೊದಲು ರಾಜನ ಆಸ್ಥಾನದಲ್ಲಿ ಮೆರೆದ. ಆಮೇಲೆ ರಾಜನ ಮೇಲೆ ತಿರುಗಿಬಿದ್ದ ಪಾರ್ಲಿಮೆಂಟಿನವರ ಕಡೆ ಹಾರಿದ, ಅವರ ಜೊತೆಗೂ ಜಗಳ ಆಡಿದ. ಹೊಸ ರಾಜ ಬಂದವನೇ ಅವನ ತಲೆ ತೆಗೆಸಿದ. ಸಾಯೋ ಮುಂಚೆ ಎರಡು ಮಾತಾಡ್ತೀನಿ ಅಂದರೆ, ಜನಕ್ಕೆ ಕೇಳಿಸಬಾರದು ಅಂತ ಸುತ್ತ ಡೋಲು ಬಾರಿಸಿದರು. ನಾಟಕದಲ್ಲಿ ಮಾತ್ರ ಡೋಲು ನಿಂತು, ಅವನು ಆ ಮಾತನ್ನೆಲ್ಲ ಆಡಬೇಕು. ವರ್ಷಗಟ್ಟಲೆ ಭಟ, ಸೇವಕ ಅಂತ ಬರೀ ನಿಂತುಕೊಂಡಿದ್ದ ಚಲುವನಿಗೆ ಇದೇ ಮೊದಲ ದೊಡ್ಡ ಪಾತ್ರ. ಬಚ್ಚಲುಮನೆಯಲ್ಲೂ ಅದನ್ನೇ ಉರು ಹೊಡೀತಿದ್ದ. ಆವತ್ತು ಇವನು ಬಾಯಿ ತೆಗೆದ... ಕರೆಂಟು ಹೋಯ್ತು! ಮೈಕಿಲ್ಲ, ಬೆಳಕಿಲ್ಲ. ಜನ ಶಿಳ್ಳೆ ಹೊಡೆದು ಎದ್ದು ಹೋದರು.

ಆ ತಂಡದಲ್ಲಿ ಒಂದು ಪದ್ಧತಿ ಇತ್ತು. ಸಾಯೋ ಪಾತ್ರ ಮಾಡಿದವನ ಬಣ್ಣ ಒರೆಸಿ, ಅವನ ಸ್ವಂತ ಹೆಸರು ಹಿಡಿದು ಮೂರು ಸಲ ಕೂಗಬೇಕು. ಅವನು 'ಓ' ಅನ್ನಬೇಕು. ಆಗಲೇ ಪಾತ್ರ ಮೈ ಬಿಡೋದು ಅಂತ ನಂಬಿಕೆ. ಆಮೇಲೇ ಮನೆಗೆ. ಇವನು ಯಾರಿಗೂ ಕಾಯದೆ ಬಣ್ಣದ ಮುಖದಲ್ಲೇ ಹೊರಟುಬಿಟ್ಟ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುತ್ತಾ?

ಮನೆ ಎದುರಿಗೇ ಹಳೇ ಬಾವಿ, ಆಲದ ಮರ. ಬೆಳದಿಂಗಳಿತ್ತು. ಇಲ್ಲಾದರೂ ಹೇಳಿ ಸಾಯ್ತೀನಿ ಅಂತ ಬಾಯಿ ತೆಗೆದ.

ಡರ್ರ್... ಡಂ. ಡರ್ರ್... ಡಂ.

ತಮಟೆ ಅಲ್ಲ. ಮದುವೆ ಬ್ಯಾಂಡಿನ ಡ್ರಮ್ಮೂ ಅಲ್ಲ. ಒದ್ದೆ ಚರ್ಮಕ್ಕೆ ಕೋಲಲ್ಲಿ ಹೊಡೆದ ಹಾಗೆ, ಬಾವಿಯ ಒಳಗಿಂದ. ಸುಮ್ಮನಾದರೆ ಅದೂ ಸುಮ್ಮನೆ. ಬಾಯಿ ತೆಗೆದರೆ... ಡರ್ರ್... ಡಂ.

"ಥೂ! ಇಲ್ಲೂ ಬಿಡಲ್ವಾ?" ಅಂದ. ಅಳುವೇ ಬಂತಂತೆ.

ಕಿವಿಯ ಹತ್ತಿರ ಯಾರೋ ಪಿಸುಗುಟ್ಟಿದರು. "ನಿಲ್ಲಿಸ್ತೀನಿ. ಹೇಳು."

"ಯಾ... ಯಾರು?"

"ಹೇಳು."

ಡೋಲು ನಿಂತಿತು. ಚಲುವ ಹೇಳಿದ. ಒಂದಕ್ಷರ ತಪ್ಪದೆ, ತುಂಬು ಗಂಟಲಲ್ಲಿ. ಅಷ್ಟು ಚೆನ್ನಾಗಿ ಜನ್ಮದಲ್ಲೇ ಹೇಳಿರಲಿಲ್ಲವಂತೆ.

"ಆಯ್ತಾ?"

"ಆಯ್ತು..."

"ಹಾಗಾದ್ರೆ ಬಗ್ಗು."

ಮಂಡಿ ತಾನಾಗೇ ಮಡಿಸಿಕೊಂಡಿತು. ಕತ್ತು ಹೋಗಿ ಬಾವಿಕಟ್ಟೆಯ ಮೇಲೆ ಕೂತಿತು. ಕಲ್ಲು ತಣ್ಣಗಿತ್ತು.

ಅವನ ಹೆಂಡತಿ ಚೂಡಾಮಣಿ ಆಗಿಂದ ಗೇಟಿನಲ್ಲೇ ನಿಂತಿದ್ದಳು. ಪ್ರಾಕ್ಟೀಸು ಮಾಡ್ತಿದಾರೆ ಅಂತ ಸುಮ್ಮನಿದ್ದವಳು, ಕತ್ತು ಕಟ್ಟೆ ಮುಟ್ಟಿದ್ದು ಕಂಡು ಹೆದರಿದಳು. "ರೀ! ರೀ, ಒಳಗೆ ಬನ್ರೀ!" ಅವನಿಗೆ ಕೇಳಿಸ್ತು, ಏಳೋಕೇ ಆಗಲಿಲ್ಲ. 'ರೀ' ಅಂದರೆ ಯಾರು ಬೇಕಾದರೂ ಆಗಬಹುದಲ್ಲ! ಅವಳಿಗೋ, ಹೆಸರು ಹಿಡಿದರೆ ಗಂಡನ ಆಯಸ್ಸು ಕಮ್ಮಿ ಅನ್ನೋ ಭಯ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕೈಲಿ ಹೇಳಿಸ್ತಿದ್ದಳು. ಆವತ್ತು ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದಳು.

"ಚಲುವರಾಜೂ! ಚಲುವರಾಜೂ! ಲೋ ಚಲುವರಾಜೂ!"

"ಓ..." ಅಂದ. ಕತ್ತು ಮೇಲೆದ್ದಿತು.

ಒಳಗೆ ಕೂರಿಸಿ ನೀರು ಕೊಟ್ಟಳು. ಶರ್ಟಿಗೆ ಕಾಲರೇ ಇರಲಿಲ್ಲ, ಒಂದು ನೂಲೂ ಬಿಚ್ಚದ ಹಾಗೆ ಕತ್ತರಿಸಿಹೋಗಿತ್ತು. ಅವನು ಅದನ್ನ ನೋಡಲೂ ಇಲ್ಲ. "ಪೂರ್ತಿ ಹೇಳ್ದೆ ಕಣೇ! ಕೇಳಿಸ್ಕೊಂಡ್ಯಾ? ಹೇಗಿತ್ತು?" ಅಂತ ಒಂದೇ ಸಮ ಕೇಳಿದ.

"ಚೆನ್ನಾಗಿತ್ತು ರೀ" ಅಂದಳಂತೆ.

ಆಣೆ ಮಾಡ್ತೀನಿ, ಇದನ್ನ ಚೂಡಾಮಣಿಯೇ ನನಗೆ ಹೇಳಿದ್ದು. ಸುಳ್ಳಾಡೋ ಹೆಂಗಸಲ್ಲ, ಗಂಡನಿಗೆ ಆಡಿದ್ದು ಆ ಒಂದೇ ಸುಳ್ಳು. ಅವನ ಬಾಯಿ ಆಡೋದು ಅವಳಿಗೆ ಬೆಳದಿಂಗಳಲ್ಲಿ ಕಂಡಿತ್ತು. ಕೊನೇ ತನಕ ಕೇಳಿಸಿದ್ದು ಬರೀ ಡೋಲು.