ಅಡವಿಯಲ್ಲಿ ಗೋಡೆ

ಸೋಲಾಪುರದಿಂದ ಕರಜಗಿಗೆ ಹೊರಟ ಎಸ್‌ಟಿ ಬಸ್ಸು ಅಕ್ಕಲಕೋಟ ದಾಟುವಾಗ ಅರ್ಧ ಜನ ತೂಕಡಿಸುತ್ತಿದ್ದರು. ಮುಂದಿನ ಸೀಟಿನಲ್ಲಿ ಒಬ್ಬ ಕುರಿಗಾರ, ಪಕ್ಕದಲ್ಲಿ ಅವನ ಹೆಂಡತಿ. ಅವನ ಎಡ ಹೆಗಲು ಬಲದ್ದಕ್ಕಿಂತ ನಾಲ್ಕು ಬೆರಳು ಕೆಳಗಿತ್ತು.

“ಡಾಕ್ಟರಬಾಯಿ ಏನಂದ್ಲು, ಖರೇ ಹೇಳ್ರಿ,” ಅವಳು ಕೇಳಿದಳು.

“ಮೂವತ್ತ ವರ್ಷ ಮರಿ, ಕಂಬಳಿ ಎಲ್ಲಾ ಒಂದ ಹೆಗಲಿಗಿ ಹೊತ್ತೀರಿ. ಒಂದ ಕಡಿ ನರ ಬಿಗದಾವ, ಇನ್ನೊಂದ ಕಡಿ ಸಡ್ಲಾಗ್ಯಾವ ಅಂದ್ಲು.”

“ಔಷಧ?”

“ಇಲ್ಲ. ದಿನಾ ಗ್ವಾಡಿಗಿ ಬೆನ್ನ ಹಚ್ಚಿ ನಿಂತು, ಎರಡೂ ಕೈ ಸಾವಕಾಶ ಮ್ಯಾಲ ಒಯ್ಯಬೇಕಂತ. ಮೂರ ತಿಂಗಳ.”

“ಮತ್ತ ಮಾಡ್ರಿ.”

“ಅಮಾಸಿ ಆದಮ್ಯಾಲ ಕುರಿ ಹೊಡಕೊಂಡ ಹೋಗಾಂವ. ಅಡವ್ಯಾಗ ಗ್ವಾಡಿ ಎಲ್ಲಿಂದ ತರಲಿ?”

“ಹಂಗಾದ್ರ ಈ ವರ್ಷ ಮನ್ಯಾಗ ಇರ್ರಿ. ನಿಮ್ಮ ತಮ್ಮ ಹೋಗ್ತಾನ.”

ಕಿಟಕಿಯಾಚೆ ತೊಗರಿ ಹೊಲಗಳು ನಿದ್ದೆಯಲ್ಲಿ ನಡೆದಂತೆ ಹಿಂದೆ ಸರಿದವು.

“ಮನ್ಯಾಗ ಕುಂತ್ರ ಹೆಗಲ ನೆಟ್ಟಗಾದೀತು,” ಅವನು ಅಂದ. “ನಾ ಡೊಂಕಾಗ್ತೀನಿ.”

ಅವಳು ಅವನ ಇಳಿಬಿದ್ದ ಹೆಗಲಿನ ಮೇಲೆ ಕೈಯಿಟ್ಟಳು.

“ಹಂಗಾದ್ರ ನಾನೂ ಬರ್ತೀನಿ. ನನ್ನ ಬೆನ್ನಿಗಿ ಬೆನ್ನ ಹಚ್ಚಿ ನಿಂದ್ರರಿ.”

“ಕುರಿ ನಗ್ತಾವ.”

“ಮೂವತ್ತ ವರ್ಷ ನೀವು ಒಂದ ಕಡಿ ವಾಲಿ ನಡದ್ರ ನಗಲಿಲ್ಲ.”

“ಗ್ವಾಡಿ ಅಲಗಾಡಂಗಿಲ್ಲ. ನೀ ನಡುವ ಅಲಗಾಡ್ತಿ.”

“ನಿಮ್ಮ ಮನಿಗಿ ಬಂದಾಗಿಂದ ಅಲಗಾಡೀನೇನು?”

ಕರಜಗಿ ಬಂತು. ಅವನು ಎದ್ದು ಕಂಬಳಿಯನ್ನು ಎಡ ಹೆಗಲಿಗೆ ಹಾಕಿದ. ಅವಳು ಅದನ್ನೆತ್ತಿ ಬಲಕ್ಕೆ ಹಾಕಿದಳು. ಇಬ್ಬರೂ ಇಳಿದು ನಡೆದರು. ಕಂಬಳಿ ಬಲ ಹೆಗಲ ಮೇಲೆ, ಹೊಸ ಬೀಗರ ಮನೆಗೆ ಬಂದ ನೆಂಟನಂತೆ, ತುದಿಯಲ್ಲೇ ಕೂತಿತ್ತು.