ಕರು ಕಟ್ಟುವ ಜಾಗ

ಶಿಕಾರಿಪುರದಲ್ಲಿ ಸೊರಬದ ಬಸ್ಸಿಗೆ ಕಾದಿದ್ದ ಕುರಿಗಾರ ಉಜ್ಜಪ್ಪನ ಪಕ್ಕದಲ್ಲೇ ಗಂಡ ಹೆಂಡತಿ ಮಾತಿಗೆ ಬಿದ್ದಿದ್ದರು. ಗಂಡ ಮಾರಪ್ಪ ಆಗಷ್ಟೇ ದನದ ಡಾಕ್ಟರನ್ನು ಕಂಡು ಬಂದಿದ್ದ.

"ಏನಂದ್ರು ಡಾಕ್ಟ್ರು?" ಎಂದಳು ಲೋಕಮ್ಮ.

"ನಮ್ ಕೆಂದಿ ಹಸೀಗೆ ಜೋನ್ಸ್ ರೋಗವಂತೆ. ಕರುಳಿಗೆ ಹತ್ತೈತಿ. ಔಷಧ ಇಲ್ಲಂತೆ."

"ಮೇವು ಚೆಂದಾಗೇ ತಿಂತೈತಲ್ರೀ! ನೀರಿನಂಗೆ ಭೇದಿ ಆಗಿ ಸೊರಗೈತಿ, ಅಷ್ಟೇ."

"ಅದೇ ಗುರ್ತಂತೆ. ಹೋದ ವರ್ಷ ಗೌರಿ ಹಸು ಸತ್ತಿದ್ದೂ ಇದ್ರಿಂದ್ಲೇ."

"ಯಾರ ಕಣ್ಣು ಬಿತ್ತೋ!"

"ಕಣ್ಣಲ್ಲ ಕಣೇ. ಕರುವಾಗಿದ್ದಾಗ್ಲೇ ಹತ್ತಿ, ವರ್ಷಗಟ್ಲೆ ಒಳಗೇ ಕುಂತಿರ್ತೈತಂತೆ."

"ಕರುವಿಗೆ ಎಲ್ಲಿಂದ ಬರ್ತೈತಿ?"

"ರೋಗದ ದನದ ಸಗಣಿಯಿಂದ. ಕರು ನೆಲ ನೆಕ್ಕತೈತಲ್ಲ."

ಲೋಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ರೀ, ಕರು ಕಟ್ಟೋ ಜಾಗಾನ ದಿನಾ ಕೆಂದಿ ಸಗಣೀಲೇ ಸಾರಿಸ್ತೀನಿ. ತೆಳ್ಳಗೈತಿ, ನೀರು ಬೆರೆಸೋದೂ ಬ್ಯಾಡ ಅಂತ."

"ನಿಮ್ಮವ್ವ 'ನನ್ ಮಗಳು ಬಲು ಚೊಕ್ಕಟ' ಅಂತಿದ್ಲು!" ಮಾರಪ್ಪ ನಕ್ಕ.

ಉಜ್ಜಪ್ಪನಿಗೆ ಮೈ ಉರಿದುಹೋಯಿತು. ಆ ನಗುವಿಗೆ ಕೆನ್ನೆಗೆರಡು ಬಿಡಬೇಕೆನಿಸಿತು. ಅಷ್ಟರಲ್ಲಿ ಮಾರಪ್ಪನ ನಗು ತಾನೇ ಆರಿತು.

"ಇವತ್ತು?"

"ಸಾರಿಸೇ ಬಂದೀನಿ. ಹದಿನೈದು ದಿನದ ಕರು. ನಮಗುಳಿದಿರೋದು ಅದೊಂದೇ. ಅಲ್ಲೇ ಕಟ್ಟಿ ಬಂದೀನಿ."

ಇಬ್ಬರೂ ರಸ್ತೆಯತ್ತ ನೋಡಿದರು. ಬಸ್ಸಿನ ಸುಳಿವಿರಲಿಲ್ಲ. ಲೋಕಮ್ಮ ಕೈಲಿದ್ದ ಗಂಟನ್ನು ಅಲ್ಲೇ ಬಿಟ್ಟು ಊರಿನತ್ತ ನಡೆದೇಬಿಟ್ಟಳು.

"ಏಯ್, ಊರು ಏಳು ಮೈಲಿ ಐತಿ ಕಣೇ!"

ಆಕೆ ತಿರುಗಲಿಲ್ಲ. ಮಾರಪ್ಪ ಗಂಟನ್ನು ಹೆಗಲಿಗೇರಿಸಿಕೊಂಡು ಅವಳ ಹಿಂದೆ ಓಡಿದ.