ಬೆರಗಾಗಲು ಹೊರಟ ದೊರೆ

ಬನ್ನಿ, ಹತ್ತಿರ ಬನ್ನಿ. ಎಲೆಅಡಿಕೆ ಹಾಕೋರು ಈಗಲೇ ಹಾಕ್ಕೊಳ್ಳಿ, ಕೆಮ್ಮೋರು ಈಗಲೇ ಕೆಮ್ಮಿಬಿಡಿ. ನಾನು ಹೇಳ್ತಾ ಹೋಗ್ತೀನಿ, ನೀವು ಹೂಂ ಅಂತಿರಬೇಕು. ಹೂಂ ನಿಂತ್ರೆ ನನ್ನ ಬಾಯೂ ನಿಲ್ತದೆ. ಆಮೇಲೆ ನನ್ನ ಬೈಬೇಡಿ.

ಆಯ್ತಾ? ಒಂದು ಕಾಲ. ನಿಮ್ಮಜ್ಜ ಹುಟ್ಟಿರಲಿಲ್ಲ, ನಿಮ್ಮಜ್ಜನ ಅಜ್ಜನಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಆಗೊಂದು ರಾಜ್ಯ. ಯಾವುದು ಅಂತ ಕೇಳಬೇಡಿ, ಹೆಸರು ಹೇಳಿದ್ರೆ ಅಲ್ಲಿಯ ನೆಂಟರು ಯಾರಾದ್ರೂ ಇಲ್ಲೇ ಕೂತಿರ್ತಾರೆ. ಆ ರಾಜ್ಯಕ್ಕೊಬ್ಬ ದೊರೆ, ಹಿರಿಯಣ್ಣ ನಾಯಕ ಅಂತ. ಆನೆ ಇತ್ತು, ಕುದುರೆ ಇತ್ತು, ಏಳು ಸುತ್ತಿನ ಕೋಟೆ ಇತ್ತು. ಒಂದೇ ಒಂದು ಕೊರತೆ. ಹುಟ್ಟಿದಾಗಿನಿಂದ ಅವನು ಒಂದು ಸಲವೂ ಬೆರಗಾಗಿರಲಿಲ್ಲ.

ಯಾಕೆ ಅಂತೀರಾ? ಕೇಳಿ. ಆ ಅರಮನೇಲಿ ಒಂದು ಪದ್ಧತಿ. ದೊರೆಯ ಮುಂದೆ ಯಾರೇ ಬರಲಿ, ಏನೇ ಬರಲಿ, ಮೊದಲು ಕೂಗಿ ಹೇಳಬೇಕು. ಆ ಕೆಲಸಕ್ಕೆ ಪರಾಕಿನ ರಾಚಯ್ಯ ಅಂತ ಒಬ್ಬ. ಗಂಟಲು ಅಂದ್ರೆ ಗಂಟಲು! ಅವನು ಇಲ್ಲಿ ಕೂಗಿದ್ರೆ ಪಕ್ಕದೂರಿನ ಗೋಪುರದಿಂದ ಪಾರಿವಾಳ ಹಾರೋವು. "ಬಹುಪರಾಕ್! ಪಾಯಸ ಬರುತ್ತಿದೆ!" ಅಂದ, ಪಾಯಸ ಬಂತು. "ಬಹುಪರಾಕ್! ಮಹಾರಾಣಿಯವರು ಬರುತ್ತಿದ್ದಾರೆ, ಸಿಟ್ಟಿನಲ್ಲಿದ್ದಾರೆ!" ಅಂದ, ರಾಣಿ ಬಂದಳು, ಸಿಟ್ಟಲ್ಲೇ ಬಂದಳು. "ಬಹುಪರಾಕ್! ಪ್ರಭುಗಳಿಗೆ ಸೀನು ಬರುವ ಹಾಗಿದೆ!" ಅಂದ, ಆಕ್ಷೀ ಅಂತ ಅದೂ ಬಂತು. ಹೀಗಿದ್ಮೇಲೆ ಆ ಬಡಪಾಯಿ ಬೆರಗಾಗೋದಾದ್ರೂ ಹೇಗೆ?

ಒಂದಿನ ಒಬ್ಬ ಜೋಗಿ ಬಂದ. ಅವನನ್ನೂ ಕೂಗೇ ಒಳಗೆ ಬಿಟ್ರು ಅನ್ನಿ. ಜೋಗಿ ಹೇಳಿದ: "ದೊರೆಯೇ, ಏಳು ಬೆಟ್ಟದಾಚೆ ಒಂದು ಘೋರ ಕಾಡಿದೆ. ಅಲ್ಲಿ ತಿರುವಿಗೊಂದು ನಾವು ಅಂದುಕೊಳ್ಳದೇ ಇದ್ದದ್ದು ಎದುರಾಗ್ತದೆ. ಬಂದದ್ದನ್ನ ಎರಡೂ ಕೈಯಲ್ಲಿ ತಗೊಂಡೋನ ಎದೆ ಹಗುರಾಗ್ತದೆ." ಹೇಳಿ, ಜೋಳಿಗೆ ಹೆಗಲಿಗೇರಿಸಿ ಹೊರಟೇಹೋದ.

ದೊರೆಗೆ ಹೊಟ್ಟೆ ಉರೀತು. ಭಿಕ್ಷೆ ಬೇಡೋನಿಗೆ ಸಿಕ್ಕಿದ್ದು ನನಗಿಲ್ವಾ? ಪ್ರಧಾನಿ ಲಕ್ಕರಸಯ್ಯನನ್ನ ಕರೆಸಿದ.

"ಲಕ್ಕರಸಯ್ಯ, ನಾನು ಕಾಡಿಗೆ ಹೋಗ್ತೀನಿ. ನಾನು ಅಂದುಕೊಳ್ಳದ್ದು ನನಗೆ ಆಗಬೇಕು."

"ಅಪ್ಪಣೆ ಬುದ್ಧಿ. ಎಷ್ಟು ಆಗಬೇಕು?"

"ಮೂರು."

"ಯಾವ ಹೊತ್ತಿಗೆ?"

"ದಿನಕ್ಕೊಂದು. ತಿಂಡಿ ಆದಮೇಲೆ."

ನಗಬೇಡಿ. ದೊಡ್ಡೋರ ಕೆಲಸ ಹೀಗೇ ನಡೆಯೋದು. ಪ್ರಧಾನಿ ಪಟ್ಟಿ ಮಾಡಿದ. ಮೊದಲನೇ ದಿನ ಕರಡಿ, ಎರಡನೇ ದಿನ ಪ್ರವಾಹ, ಮೂರನೇ ದಿನ ದಾರಿ ತಪ್ಪೋದು. ಪಟ್ಟಿ ಹಿಡ್ಕೊಂಡು ಒಂದು ತಿಂಗಳು ಮುಂಚೆ ನೂರಾಳು ಸಮೇತ ಕಾಡಿಗೆ ಹೋದ. ನೋಡ್ತಾನೆ, ಕಾಡು ಒಂಚೂರೂ ಅಚ್ಚುಕಟ್ಟಾಗಿಲ್ಲ! ಮುಳ್ಳುಕಂಟಿ ಕತ್ತರಿಸಿದ್ರು, ಕಲ್ಲಿಗೆ ಸುಣ್ಣ ಬಳಿದ್ರು, ಮರ ಕಡಿಮೆ ಇದ್ದ ಕಡೆ ಬೇರೆ ಕಡೆಯಿಂದ ಕೊಂಬೆ ಕಡಿದು ತಂದು ನೆಟ್ಟರು. ಬೇರಿಲ್ಲದ ಆ ಮರಗಳಿಗೆ ನೀರು ಹಾಕೋಕೆ ನಾಲ್ಕು ಜನ, ಆ ನಾಲ್ವರ ಮೇಲೆ ಒಬ್ಬ ಮೇಸ್ತ್ರಿ.

ಕಾಡಿನ ನಡುವೆ ಒಂದು ದೊಡ್ಡ ಬಂಡೆ. ಬಂಡೆಯಿಂದ ಒಂದು ಕೂಗಿನಷ್ಟು ದೂರದಲ್ಲಿ ಹನ್ನೊಂದು ಗುಡಿಸಲಿನ ಒಂದು ಹಾಡಿ. ಜೇನು ಕೀಳೋ ಜನ. ಆ ಹಾಡಿಗೆ ಹಿರಿಯಳು ಕೇತಮ್ಮ. ಗಂಡನ ಹೆಸರು ಜಡೆಯ; ಅವನು ಮಾತಾಡೋದು ಕಮ್ಮಿ, ಅವನ ಪಾಲಿನದನ್ನೂ ಸೇರಿಸಿ ಇವಳೇ ಆಡೋಳು.

ಪ್ರಧಾನಿ ಹುಬ್ಬು ಗಂಟಿಕ್ಕಿದ. "ಏನಿದು? ಘೋರ ಕಾಡಲ್ಲಿ ಜನ ಇದ್ದಾರೆ! ದೊರೆಗಳು ನೋಡಿದ್ರೆ ಏನಂದಾರು? ಕಾಡು ಅಂದಮೇಲೆ ಜನ ಇರಬಾರದು. ಬಯಲಲ್ಲಿ ಜಾಗ ಕೊಡ್ತೀವಿ, ಗಂಟುಮೂಟೆ ಕಟ್ಟಿ."

"ಬಯಲಲ್ಲಿ ಜೇನು ಐತಾ ಬುದ್ಧಿ?" ಅಂದಳು ಕೇತಮ್ಮ.

"ಇಲ್ಲ."

"ಗೆಣಸು ಐತಾ?"

"ಇಲ್ಲ."

"ನಮ್ಮ ಹಿರೀಕರನ್ನ ಮಣ್ಣು ಮಾಡಿರೋ ಜಾಗ ಐತಾ?"

 ಇಕ್ಕಟ್ಟಾದಾಗೆಲ್ಲ ಪ್ರಧಾನಿ ಕೆಮ್ಮೋನು. ಕೆಮ್ಮಿದ. ಆದ್ರೆ ಅವನಿಗೂ ಒಂದು ಕಷ್ಟ ಇತ್ತು, ಕೇಳಿ. ಕರಡಿಯ ತೊಗಲು ತಂದಿದ್ದ, ಅದನ್ನ ಹೊದೆಯೋಕೆ ಅರಮನೆಯೋರು ಯಾರೂ ಒಪ್ಪಲಿಲ್ಲ. ಎಲ್ಲರಿಗೂ ಅವರವರ ಅಂತಸ್ತು. ಅದಕ್ಕೇ ಹೇಳಿದ: "ನಿನ್ನ ಗಂಡ ಕರಡಿ ಆಗಲಿ, ನಿಮ್ಮೋರು ಮಿಕ್ಕ ಕೆಲಸಕ್ಕೆ ಕೈ ಹಾಕಲಿ. ದೊರೆಗಳು ಬೆರಗಾದ್ರೆ ಹಾಡಿ ಉಳೀತು. ಮೂರನೇ ದಿನ ಹೊತ್ತು ಮುಳುಗೋದರೊಳಗೆ ಆಗದಿದ್ರೆ ಗುಡಿಸಲು ಕೀಳಿಸ್ತೀನಿ." ಓಲೆ ಬರೆಸಿದ, ದೊರೆಯ ಮುದ್ರೆ ಒತ್ತಿದ. ದೊರೆ ಓದಿದ್ನಾ? ಓದೋದು ದೊರೆಗಳ ಕೆಲಸ ಅಲ್ಲವಲ್ಲ!

ಕೇತಮ್ಮ ಒಂದೇ ಮಾತು ಹೇಳಿದಳು: "ಬಂಡೇಲಿ ಹೆಜ್ಜೇನು ಕಟ್ಟೈತೆ ಬುದ್ಧಿ. ಅದರ ಕೆಳಗೆ ನಗಾರಿ ಬಾರಿಸಬ್ಯಾಡಿ."

"ಹೆಜ್ಜೇನು ಪಟ್ಟಿಯಲ್ಲಿಲ್ಲ" ಅಂದ ಪ್ರಧಾನಿ.

ದೊರೆಯ ಸವಾರಿ ಬಂತು. ಮುನ್ನೂರು ಜನ, ಮೂವತ್ತು ಡೇರೆ, ಮುಂದುಗಡೆ ರಾಚಯ್ಯ.

ಮೊದಲನೇ ದಿನ ತಿಂಡಿ ಆಯ್ತು. ಪೊದೆಯೊಳಗೆ ಜಡೆಯ ಕರಡಿ ತೊಗಲು ಹೊದ್ದು ಬೆವರ್ತಾ ಕೂತಿದ್ದ. ಎದ್ದ, ಗುರ್ ಅಂದ. ಅಷ್ಟರಲ್ಲಿ ರಾಚಯ್ಯ ಶುರು ಮಾಡಿದ. ಪದ್ಧತಿ ಬಿಡೋಕಾಗ್ತದಾ? "ಬಹುಪರಾಕ್! ಬಲಗಡೆಯ ಪೊದೆಯಿಂದ ಕರಡಿ ಬರುತ್ತಿದೆ! ಪ್ರಭುಗಳು ಬೆರಗಾಗಬೇಕು!" ದೊರೆ ಬಲಕ್ಕೆ ತಿರುಗಿದ, ನೋಡಿದ, ಆಕಳಿಸಿದ.

ಎರಡನೇ ದಿನ ತಿಂಡಿ ಆಯ್ತು. ಮೇಲುಗಡೆ ಹಾಡಿಯ ಗಂಡಸರು ತೊರೆಗೆ ಕಟ್ಟಿದ್ದ ಒಡ್ಡು ಒಡೆದ್ರು. ನೀರು ಭೋರ್ ಅಂತ ಬಂತು. ನೀರಿಗಿಂತ ಮುಂಚೆ ರಾಚಯ್ಯ ಬಂದ. "ಬಹುಪರಾಕ್! ಪ್ರವಾಹ ದಯಮಾಡಿಸುತ್ತಿದೆ! ಮೊಣಕಾಲಿನವರೆಗೆ ಮಾತ್ರ!" ದೊರೆ ಪಂಚೆ ಮೊಣಕಾಲಿಗೆ ಎತ್ತಿ ನಿಂತ. ಮತ್ತೆ ಆಕಳಿಸಿದ.

ಮೂರನೇ ದಿನ ತಿಂಡಿ ಆಯ್ತು. ದಾರಿ ಎರಡಾಗಿ ಒಡೆಯೋ ಕಡೆ ದೊರೆಯ ಪಲ್ಲಕ್ಕಿ ನಿಂತಿತು. "ಬಹುಪರಾಕ್! ಪ್ರಭುಗಳು ಈಗ ದಾರಿ ತಪ್ಪಲಿದ್ದಾರೆ! ಎಡಕ್ಕೆ ತಪ್ಪುವುದು!" ದೊರೆ ಎಡಕ್ಕೆ ತಪ್ಪಿದ. ಪೊದೆಗೊಬ್ಬ ಆಳು ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದ. ನಾಲ್ಕು ಪೊದೆ ದಾಟೋದರೊಳಗೆ ದೊರೆಗೆ ಹೊಟ್ಟೆ ತುಂಬಿ ತೇಗು ಬಂತು. ಪಲ್ಲಕ್ಕಿ ಆ ಬಂಡೆಯ ಕೆಳಗೆ ಬಂದು ನಿಂತಾಗ ಅಂದ: "ಸಾಕು ಲಕ್ಕರಸಯ್ಯ. ಇದಕ್ಕಿಂತ ಅರಮನೆಯೇ ವಾಸಿ."

ಪ್ರಧಾನಿ ಓಲೆ ತೆಗೆದು ಬರೆದ: ದೊರೆಗಳು ಬೆರಗಾಗಲಿಲ್ಲ. ಬರೆದು, "ಸವಾರಿ ಮುಗೀತು, ನಗಾರಿ ಬಾರಿಸ್ರಪ್ಪಾ!" ಅಂದ.

ಬಾರಿಸಿದ್ರು. ಆಮೇಲೆ? ನೀವೇ ಹೇಳಿ, ಆಮೇಲೆ ಏನಾಯ್ತು? ಹೂಂ, ಅದೇ! ಬಂಡೆಗೆ ಬಂಡೆಯೇ ಎದ್ದು ಬಂದಂಗೆ ಹೆಜ್ಜೇನು ಎದ್ದವು. ರಾಚಯ್ಯ "ಬಹು" ಅಂತ ಬಾಯಿ ತೆಗೆದ, ಒಂದು ಜೇನು ಒಳಕ್ಕೇ ಹೋಯ್ತು. ಪರಾಕು ಅಲ್ಲೇ ಉಳೀತು. ಮುನ್ನೂರು ಜನ ಮುನ್ನೂರು ದಿಕ್ಕಿಗೆ ಓಡಿದ್ರು. ಪಲ್ಲಕ್ಕಿ ಹೊರೋರು ಪಲ್ಲಕ್ಕಿ ಬಿಟ್ಟು ಓಡಿದ್ರು. ದೊರೆ ಬೆರಗಾದ್ನಾ? ಎಲ್ಲಿ! ಬೆರಗಾಗೋಕೂ ಪುರುಸೊತ್ತು ಬೇಕಲ್ಲ. ಅವನೂ ಎದ್ದೆನೋ ಬಿದ್ದೆನೋ ಅಂತ ಓಡಿದ.

ಓಡ್ತಾ ರುಮಾಲು ಹೋಯ್ತು, ತೊರೇಲಿ ಕಾಲಿನ ಚಡಾವು ಹೋಯ್ತು, ಅಂಗಿ ಅರ್ಧ ಮುಳ್ಳಿನ ಪಾಲಾಯ್ತು. ಜೇನು ಹಿಂದಕ್ಕೆ ಉಳಿದಮೇಲೆ ನಿಂತು ನೋಡಿದ. ಯಾರೂ ಇಲ್ಲ. ಕೂಗೋರೂ ಇಲ್ಲ. ಒಂದು ಹೆಜ್ಜೆ ಇಟ್ಟ, ಕಾಲಿಗೆ ಮುಳ್ಳು ಚುಚ್ಚಿತು. ಯಾರೂ ಮೊದಲೇ ಹೇಳಿರಲಿಲ್ಲ! ಇನ್ನೊಂದು ಹೆಜ್ಜೆ ಇಟ್ಟ, ಜಾರಿ ಕೂತ. ಅದನ್ನೂ ಹೇಳಿರಲಿಲ್ಲ! ಪಕ್ಕದ ಗಿಡದಿಂದ ಒಂದು ಹಣ್ಣು ಕಿತ್ತು ಬಾಯಿಗೆ ಹಾಕ್ಕೊಂಡ, ಹುಳಿ ಅಂದ್ರೆ ಹುಳಿ, ಮೈ ಜುಮ್ಮೆಂದಿತು. ಜೇನು ಕಚ್ಚಿ ಮುಖ ಕುಂಬಳಕಾಯಿ ಆಗಿತ್ತು, ಒಂದು ಕಣ್ಣು ಮುಚ್ಚಿತ್ತು, ಆದ್ರೂ ಅವನಿಗೆ ನಗು ಬಂತು. ಒಬ್ಬನೇ ಕೂತು ನಕ್ಕ. ಇನ್ನೊಂದು ಹಣ್ಣು ಕಿತ್ತ.

ಹಂಗೇ ಕುಂಟ್ತಾ ಕುಂಟ್ತಾ ಹಾಡಿಗೆ ಬಂದ. ಕೇತಮ್ಮ ನೋಡಿದಳು. ಆ ಮೂತಿ ನೋಡಿ ಯಾರು ದೊರೆ ಅಂದಾರು? ಪಲ್ಲಕ್ಕಿ ಹೊರೋನಿರಬೇಕು ಅಂದ್ಕೊಂಡಳು. "ಬಾರಪ್ಪ, ಕೂತ್ಕೋ" ಅಂತ ಕೂರಿಸಿ ಒಂದೊಂದೇ ಮುಳ್ಳು ಕಿತ್ತಳು, ಸೊಪ್ಪು ಅರೆದು ಹಚ್ಚಿದಳು, ಸುಟ್ಟ ಗೆಣಸಿಗೆ ಜೇನು ಸುರಿದು ಕೈಗೆ ಕೊಟ್ಟಳು. ದೊರೆ ತಿಂದ. ಒಂದು ತಿಂದ, ಎರಡು ತಿಂದ, ಮೂರು ತಿಂದ. ಆಮೇಲೆ ಸುತ್ತ ನೋಡಿದ. ಹೆಂಗಸರು ಮಡಕೆ ಕುಡಿಕೆ ಗಂಟು ಕಟ್ತಾ ಇದ್ರು. ಒಂದು ಮೂಲೇಲಿ ಜಡೆಯ ಆ ಕರಡಿ ತೊಗಲಿನ ತಲೆ ತೊಡೆ ಮೇಲಿಟ್ಕೊಂಡು ಅಳ್ತಾ ಕೂತಿದ್ದ.

"ಎಲ್ಲಿಗಮ್ಮಾ ಹೊರಟಿದ್ದು?"

"ಬಯಲಿಗಪ್ಪ. ದೊರೆ ಬೆರಗಾಗಲಿಲ್ಲವಂತೆ. ಅದಕ್ಕೆ ನಮ್ಮ ಗುಡಿಸಲು ಕೀಳ್ತಾರಂತೆ. ಮುದ್ರೆ ಒತ್ತಿದ ಓಲೆ ಐತೆ."

"ನಾನು ಚೆನ್ನಾಗೇ ಗುರ್ ಅಂದೆ" ಅಂದ ಜಡೆಯ. ಅವನು ಆವತ್ತು ಆಡಿದ ಮಾತು ಅದೊಂದೇ.

ದೊರೆಗೆ ನಾಚಿಕೆ ಆಯ್ತು. ತಾನು ಆಕಳಿಸಿದ್ದಕ್ಕೆ ಹನ್ನೊಂದು ಮನೆ ಹೋಗ್ತವೆ ಅಂತ ಅವನಿಗೆ ಯಾರು ಹೇಳಿದ್ರು? "ಚೆನ್ನಾಗೇ ಅಂದೆ ಕಣಪ್ಪ, ತಪ್ಪು ನಿಂದಲ್ಲ" ಅಂದ.

ಅಷ್ಟರಲ್ಲಿ ಪ್ರಧಾನಿ ಬಂದ, ಹಿಂದೆ ಹಾರೆ ಗುದ್ದಲಿ ಹಿಡಿದ ಆಳುಗಳು. ಅವರದ್ದೂ ಮುಖ ಊದಿತ್ತು, ಆದ್ರೂ ಸರ್ಕಾರಿ ಕೆಲಸ ನಿಲ್ಲಬಾರದಲ್ಲ! ದೊರೆ ಎದ್ದು ಅಡ್ಡ ನಿಂತ. "ನಿಲ್ಲಿಸು ಲಕ್ಕರಸಯ್ಯ! ನಾನು, ನಿನ್ನ ದೊರೆ."

ಪ್ರಧಾನಿ ಮೇಲಿಂದ ಕೆಳಗೆ ನೋಡಿದ. "ದೊರೆ ಬಂದ್ರೆ ಪರಾಕು ಕೇಳಬೇಕು. ಎಲ್ಲಿ ಪರಾಕು? ಕೂಗಿಲ್ಲದೆ ಬಂದೋನು ದೊರೆ ಹೇಗಾಗ್ತಾನೆ? ನೂಕ್ರೋ ಇವನನ್ನ!"

ಕೇತಮ್ಮ ಇವನ ಮುಖ ನೋಡಿದಳು, ಪ್ರಧಾನಿಯ ಮುಖ ನೋಡಿದಳು. ಮೂರು ದಿನ ರಾಚಯ್ಯನ ಕೂಗು ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿದಳು, ಕಾಡೆಲ್ಲ ಮೊಳಗೋ ಹಾಗೆ ಕೂಗಿದಳು: "ಬಹುಪರಾಕ್! ಮೂತಿ ಊದಿಸ್ಕೊಂಡ ದೊರೆ ನಿಂತವ್ರೆ! ಮೂರು ಗೆಣಸು ತಿಂದ ದೊರೆ ನಿಂತವ್ರೆ!"

ಅಭ್ಯಾಸ ನೋಡಿ! ಕೂಗು ಕಿವಿಗೆ ಬಿದ್ದದ್ದೇ ತಡ, ಹಾರೆ ಕೆಳಗೆ ಬಿತ್ತು, ಎಲ್ಲರ ಮಂಡಿ ಮಡಚಿತು. ಮೊದಲು ಮಡಚಿದ್ದು ಪ್ರಧಾನಿಯದೇ.

"ಹಾಡಿ ಇಲ್ಲೇ ಇರಲಿ" ಅಂದ ದೊರೆ.

"ಆಗಲ್ಲ ಬುದ್ಧಿ" ಅಂದ ಪ್ರಧಾನಿ, ಬಗ್ಗಿದ ಹಾಗೇ. "ಮುದ್ರೆ ಬಿದ್ದ ಮಾತನ್ನ ದೊರೆಗಳೂ ಮೀರೋ ಹಾಗಿಲ್ಲ. ತಮ್ಮ ತಾತನವರ ಕಾಲದ ಕಟ್ಟಳೆ. ತಾವು ಬೆರಗಾಗಬೇಕು, ಹೊತ್ತು ಮುಳುಗೋದರೊಳಗೆ."

"ಆದೆ! ಈಗಷ್ಟೇ ಆದೆ!"

"ಬಾಯಿ ತೆರೆದಿರಬೇಕು, ಮಾತು ನಿಂತಿರಬೇಕು, ರೆಪ್ಪೆ ಹೊಡೀಬಾರದು. ತಾವು ಮಾತಾಡ್ತಾ ಇದ್ದೀರಿ ಬುದ್ಧಿ."

ದೊರೆ ಬಾಯಿ ತೆರೆದ, ರೆಪ್ಪೆ ಹೊಡೀತು. ರೆಪ್ಪೆ ಹಿಡಿದ, ಬಾಯಿ ಮುಚ್ಚಿತು. ಎರಡೂ ಹಿಡಿದ, ಸೀನು ಬಂತು. ಹೊತ್ತು ಬೆಟ್ಟದ ನೆತ್ತಿಗೆ ಇಳೀತು. ಇನ್ನು ಒಂದು ಗೇಣು. ಆಳುಗಳು ಹಾರೆ ಎತ್ತಿದ್ರು. ಜಡೆಯ ಮೊದಲನೇ ಗುಡಿಸಲಿನ ಕಂಬ ಅಪ್ಪಿ ಹಿಡಿದ.

ದೊರೆಗೆ ಕಣ್ಣಲ್ಲಿ ನೀರು ಬಂತು. ಕೇತಮ್ಮನ ಹತ್ತಿರ ಬಂದ. "ತಾಯೀ, ನನ್ನ ಕೈ ಮೀರಿ ಹೋಯ್ತು. ಆದ್ರೆ ನಿನ್ನ ಉಪಕಾರ ಮರೆಯಲ್ಲ. ಬಯಲಿಗೆ ನೀನು ಹೋದ್ರೂ ವರ್ಷಕ್ಕೊಂದು ಸಲ, ಪರಿವಾರ ಸಮೇತ, ಡೇರೆ ಸಮೇತ, ನಾನೇ ನಿನ್ನ ಮನೆಗೆ ಬರ್ತೀನಿ."

ಕೇತಮ್ಮನಿಗೆ ತಡ್ಕೊಳ್ಳೋಕಾಗಲಿಲ್ಲ. ಎರಡೂ ಕೈ ಜೋಡಿಸಿದಳು.

"ಬುದ್ಧಿ, ನಿಮ್ಮ ಕಾಲಿಗೆ ಬೀಳ್ತೀನಿ. ಬರಬ್ಯಾಡಿ."

ಕೇಳಿದ್ರಾ? ಆ ದೊರೆಗೆ ಬನ್ನಿ ಅಂದೋರಿದ್ರು, ದಯಮಾಡಿಸಿ ಅಂದೋರಿದ್ರು, ಕಾಯ್ತಾ ಇದ್ದೀವಿ ಅಂದೋರಿದ್ರು. ಬರಬ್ಯಾಡಿ ಅಂತ ಹುಟ್ಟಿದಾಗಿನಿಂದ ಒಬ್ಬರೂ ಅಂದಿರಲಿಲ್ಲ. ದೊರೆಯ ಬಾಯಿ ತೆರೀತು. ಮಾತು ನಿಂತಿತು. ಊದಿ ಮುಚ್ಚದೆ ಉಳಿದಿದ್ದ ಒಂದು ಕಣ್ಣು ರೆಪ್ಪೆ ಹೊಡೀಲಿಲ್ಲ.

ಪ್ರಧಾನಿ ಬಾಯೊಳಗೆ ಇಣುಕಿದ. ಕಣ್ಣ ಮುಂದೆ ಕೈ ಆಡಿಸಿದ. ಬೆಟ್ಟದ ಕಡೆ ನೋಡಿದ, ಹೊತ್ತಿನ್ನೂ ಬೆರಳಗಲ ಇತ್ತು. ಓಲೆ ಬಿಚ್ಚಿ, ಹಳೇದನ್ನ ಹೊಡೆದುಹಾಕಿ ಬರೆದ: ದೊರೆಗಳು ಬೆರಗಾದರು. ಕೆಳಗೆ ಇನ್ನೊಂದು ಸಾಲು ಸೇರಿಸಿದ: ಏರ್ಪಾಡು, ಪ್ರಧಾನಿ ಲಕ್ಕರಸಯ್ಯ.

ಹೆಂಗಸರು ಗಂಟು ಬಿಚ್ಚಿದ್ರು. ಬಾಯಿ ತೆರೆದಿದ್ದ ದೊರೆಯನ್ನ ಹಾಗೇ ಪಲ್ಲಕ್ಕಿಗೆ ಹತ್ತಿಸಿ ಕರ್ಕೊಂಡು ಹೋದ್ರು. ಅವನು ಮತ್ತೆ ಬರಲಿಲ್ಲ. ದೊರೆಗಳಲ್ಲಿ ಇಷ್ಟು ಒಳ್ಳೇವನು ಆಮೇಲೆ ಹುಟ್ಟಲಿಲ್ಲ ಅಂತ ಹಾಡಿಯೋರು ಇವತ್ತಿಗೂ ಹೇಳ್ತಾರೆ.

ಅವರ ಗುಡಿಸಲು ಅಲ್ಲಿ ನಿಂತಿತು, ನನ್ನ ಕಥೆ ಇಲ್ಲಿ ನಿಂತಿತು. ಏಳಿ ಏಳಿ, ದನಕ್ಕೆ ಹುಲ್ಲು ಹಾಕೋರು ಹಾಕಿ, ಮನೆಗೆ ಹೋಗೋರು ಹೋಗಿ.